ಚಿತ್ತವ್ಯಾಧಿಯೂ ಮೌನವೂ

ಚಳ್ಳಕೆರೆಯ ಎಣ್ಣೆ ಗಿರಣಿಗಳ ಬೀದಿಯಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಗಳಲ್ಲಾಗಲಿ, ಮಧುಮೇಹವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವವರು ಚಿತ್ತವ್ಯಾಧಿಯನ್ನು ಮಾತ್ರ ಮುಚ್ಚಿಡುತ್ತಾರೆ. ಮದುವೆಯ ಮಾತು ಮುರಿದೀತೆಂಬುದೇ ಅವರ ಭಯ. ಅದು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಮೊಳಕಾಲ್ಮೂರಿನ ಮಗ್ಗುಲಲ್ಲಿಯೇ ಇರುವ ಬಳ್ಳಾರಿ ಜಿಲ್ಲೆಯಲ್ಲಿ 1985ರಷ್ಟು ಹಿಂದೆಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಸಾಮಾನ್ಯ ವೈದ್ಯರಿಗೆ ಶಿಕ್ಷಣವಿತ್ತು, ಈ ರೋಗಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಔಷಧ ದೊರೆಯುವಂತೆ ಮಾಡಿದರಷ್ಟೆ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2017ರ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆಯೂ ಉಂಟು. ಹರಕೆ ಹೊತ್ತವರನ್ನು ನಾವು ಹಳಿಯುವುದಿಲ್ಲ. ಹರಕೆಯ ಜೊತೆಗೆ ಮಾತ್ರೆಯೂ ಇರಲಿ. ತಮ್ಮ ಮನೆಯ ರೋಗಿಯನ್ನು ಗುಟ್ಟಾಗಿ ದೂರದೂರಿಗೆ ಕರೆದೊಯ್ಯುವ ಮಹಾಜನರೂ ಅಧಿಕಾರಿಗಳೂ ಹಗಲಿನಲ್ಲಿ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ, ನೇಕಾರನೂ ಕೂಲಿಯವನೂ ಹಿಂದೆಯೇ ಬಂದಾರು.