ನಾಟಿ ದನಕ್ಕೆ ಸೂಜಿ ಬೇಡ ಅನ್ನೋರಿಗೆ

ಕಾಲುಬಾಯಿ ಜ್ವರದ ಲಸಿಕೆ ಹಾಕೋರು ಬರ್ತಾರೆ ಅಂದ್ರೆ ಸಾಕು, ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಒಂದು ಮಾತು ಶುರುವಾಗುತ್ತೆ. "ಸೀಮೆ ಹಸುಗೆ ಹಾಕಿ ಸ್ವಾಮಿ. ನಮ್ದು ಹಳ್ಳಿಕಾರ್, ಅದಕ್ಕೆ ಹುಟ್ಟಿನಿಂದ್ಲೇ ಶಕ್ತಿ ಐತೆ." ಈ ಮಾತು ಅರ್ಧ ಮಾತ್ರ ನಿಜ. ಇನ್ನರ್ಧ ನಮ್ಮ ಕೊಟ್ಟಿಗೆ ಹಾಳು ಮಾಡುತ್ತೆ.

ಹುಟ್ಟಿನಿಂದ ಬಂದ ಶಕ್ತಿ ಸುಳ್ಳಲ್ಲ. ಮುಳ್ಳು ಚುಚ್ಚಿದ ಜಾಗ ಕೆಂಪಗಾಗಿ ಊದುತ್ತಲ್ಲ, ಅದೇ ಅದು. ರಷ್ಯಾದ ಮೆಚ್ನಿಕಾಫ್ ಅನ್ನೋ ವಿಜ್ಞಾನಿ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದ್ರು. ಮೈಯೊಳಗಿನ ಜೀವಕಣಗಳು ಬಂದು ಮುಳ್ಳನ್ನ ಮುತ್ತಿಕೊಂಡಿದ್ವು. ಈ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. ನಮ್ಮ ತೆಂಗಿನ ಮರಕ್ಕೂ ಇಂಥ ಹುಟ್ಟುಕಾವಲು ಇದೆ.

ಆದ್ರೆ ಈ ಕಾವಲುಗಾರ ಯಾವ ಕಳ್ಳ ಬಂದ್ರೂ ಒಂದೇ ದೊಣ್ಣೆ ಬೀಸೋನು. ವೈರಸ್ ಬಂದಾಗ ಇಂಟರ್‌ಫೆರಾನ್ ಅನ್ನೋ ಪ್ರೋಟೀನು ಬಿಟ್ಟು ಅಕ್ಕಪಕ್ಕದ ಜೀವಕಣಗಳಿಗೆ ಕೂಗು ಹಾಕ್ತಾನೆ. ಕಾಲುಬಾಯಿ ವೈರಸ್ಸು ಆ ಕೂಗನ್ನೇ ಅಡಗಿಸುತ್ತೆ. ಕಳ್ಳನ ಮುಖ ಗುರುತಿಟ್ಟು ಹಿಡಿಯೋ ಎರಡನೇ ಪಡೆ ತಯಾರಾಗೋಕೆ ದಿನಗಳು ಬೇಕು. ಅಷ್ಟರಲ್ಲಿ ನಾಲಿಗೆ ಮೇಲೆ, ಗೊರಸಿನ ಸಂದಿಯಲ್ಲಿ ಬೊಬ್ಬೆ ಎದ್ದಿರುತ್ತೆ. ಲಸಿಕೆ ಅಂದ್ರೆ ಕಳ್ಳ ಬರೋಕೆ ಮುಂಚೆ ಅವನ ಮುಖ ತೋರಿಸಿಡೋದು. ಆ ನೆನಪು ಬೇಗ ಮಾಸುತ್ತೆ, ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕೋದು.

ಸೂಜಿ ಹಾಕಿದ್ರೆ ಹಾಲು ಕಮ್ಮಿಯಾಗುತ್ತೆ, ಮೈ ಬಿಸಿಯಾಗುತ್ತೆ ಅಂತೀರಿ. ಹೌದು, ಎರಡು ಮೂರು ದಿನ ಆಗಬಹುದು. ಅದು ನೀವು ಹೊಗಳೋ ಹುಟ್ಟುಶಕ್ತಿ ಎದ್ದು ಕೂತ ಗುರುತು. ಅದು ಏಳದಿದ್ರೆ ಲಸಿಕೆಯೂ ಹತ್ತಲ್ಲ. ಎರಡಕ್ಕೂ ಜಗಳ ಹಚ್ಚೋರು ನಾವೇ.

ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ಹುಟ್ಟಿನಿಂದ್ಲೇ ಶಕ್ತಿ ಅನ್ನೋರು ಕರುವಿನ ಗಿಣ್ಣು ಹಾಲು ಕರೆದು ಬೆಲ್ಲ ಏಲಕ್ಕಿ ಹಾಕಿ ಬೇಯಿಸ್ತೀರಲ್ಲ? ಹಸುವಿನ ಗರ್ಭದಲ್ಲಿ ತಾಯಿಯ ಪ್ರತಿಕಾಯ ಕರುವಿಗೆ ಇಳಿಯಲ್ಲ. ಹಳ್ಳಿಕಾರ್ ಆಗಲಿ, ಅಮೃತಮಹಲ್ ಆಗಲಿ, ಅದು ಬರೋದು ಗಿಣ್ಣಿನಿಂದಲೇ. ಒಂದು ದಿನ ಕಳೆದ್ರೆ ಕರುಳು ಅದನ್ನ ಒಳಕ್ಕೆ ಬಿಡಲ್ಲ. ಮೊದಲ ಎರಡು ಗಂಟೆಯಲ್ಲೇ ಕುಡಿಸಿ. ಕರು ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದು ನಮ್ಮದು.

ನಾಟಿ ದನಕ್ಕೆ ರೋಗ ಸಾಮಾನ್ಯವಾಗಿ ಹಗುರಾಗಿ ಬರುತ್ತೆ, ಒಪ್ಪಿದೆ. ಆದ್ರೆ ಹಗುರಾಗಿ ಬಂದ ದನವೂ ಅದೇ ತೊಟ್ಟಿ ನೀರು ಕುಡಿಯುತ್ತೆ, ಅದೇ ಸಂತೆಗೆ ಹೋಗುತ್ತೆ. ನಿಮ್ಮ ಎತ್ತು ನಾಲ್ಕು ದಿನ ಜೊಲ್ಲು ಸುರಿಸಿ ಎದ್ದು ನಿಲ್ಲಬಹುದು. ಪಕ್ಕದ ಮನೆಯಾಕೆ ಸಾಲ ಮಾಡಿ ತಂದ ಸೀಮೆ ಹಸು ಏಳಲ್ಲ, ಡೈರಿ ಬಟವಾಡೆ ನಿಲ್ಲುತ್ತೆ. ಇನ್ನು ಎತ್ತೇ ಕುಂಟಿದ್ರೆ ರಾಗಿ ಬಿತ್ತೋ ಹದ ಕಾಯುತ್ತಾ?

2019ರಿಂದ ಕೇಂದ್ರದ ಯೋಜನೆಯಲ್ಲಿ ಈ ಲಸಿಕೆ ಪುಕ್ಕಟೆ. ನಾಲ್ಕು ತಿಂಗಳು ದಾಟಿದ ಕರು ಸಮೇತ ಹಿಡಿದು ನಿಲ್ಲಿಸಿ. ತುಂಬು ಗಬ್ಬ ಇದ್ರೆ ಡಾಕ್ಟರಿಗೆ ಮೊದಲೇ ಹೇಳಿ. ತಳಿಯ ಹೆಮ್ಮೆ ಜಾತ್ರೆಯಲ್ಲಿ ತೋರಿಸೋಣ, ಲಸಿಕೆ ದಿನ ಹಗ್ಗ ಹಿಡಿಯೋಣ.