ಯಂತ್ರಕ್ಕಿಂತ ಮೊದಲು ಕಂಸಾಳೆ ಬರಲಿ

ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ತಂದೆತಾಯಂದಿರಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಲ್ಲಿ, ಹಾಡುಗಾರರಲ್ಲಿ, ಓದಿ ಪಟ್ಟಣ ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮನವಿ: ತಿಂಗಳಿಗೊಂದು ಶನಿವಾರವನ್ನು ನಿಮ್ಮೂರಿನ ಸರ್ಕಾರಿ ಶಾಲೆಗೆ ಕೊಡಿ. ಕಂಸಾಳೆ ಬಲ್ಲವರು ಕಂಸಾಳೆ ತನ್ನಿ, ತಂಬೂರಿಯವರು ತಂಬೂರಿ ತನ್ನಿ. ಏನೂ ಇಲ್ಲದವರಿಗೆ ಗಂಟಲು ಸಾಕು.

ಇಷ್ಟು ಅವಸರವೇಕೆ ಎಂದು ಕೇಳಬಹುದು. 2026-27ನೇ ಸಾಲಿನಿಂದ 3ನೇ ತರಗತಿಯಲ್ಲೇ ಕೃತಕ ಬುದ್ಧಿಮತ್ತೆಯ ಪಾಠ ಶುರುವಾಗಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನಮ್ಮ ಶಾಲೆಗಳಿಗೆ ಅದು ಯಾವ ರೂಪದಲ್ಲಿ ಬಂದರೂ ಪಠ್ಯ, ತರಬೇತಿ, ಉಪಕರಣ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ. ಚಿತ್ರ, ಸಂಗೀತಗಳಿಗೆ ಆ ಭಾಗ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಿ. ಕಲೆಗೆ ಅರೆಕಾಲಿಕ ಬೋಧಕರನ್ನು ಅದು ಹೇಳುವುದು 6ರಿಂದ 8ನೇ ತರಗತಿಗೆ ಮಾತ್ರ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. 1ರಿಂದ 5ರವರೆಗಿನ ಮಕ್ಕಳಿಗೆ ಕಲಾ ಬೋಧಕರ ಮಾತೇ ಅಲ್ಲಿಲ್ಲ. ಸೋಲಿಗ ಬುಡಕಟ್ಟಿನವರ ಪೋಡಿನ (ಹಾಡಿಯ) ಮಗ್ಗುಲಲ್ಲಿರುವ ಪುಟ್ಟ ಶಾಲೆ ಈ ಲೆಕ್ಕಕ್ಕೆ ಎಂದೂ ಸಿಕ್ಕುವುದಿಲ್ಲ.

ಆದರೆ ಶಾಲೆಯ ಕಾಂಪೌಂಡಿನಾಚೆ ನಮಗೇನು ಕಡಿಮೆ? ಮಹದೇಶ್ವರನ ಕಥೆಯನ್ನು ಇರುಳಿಡೀ ಹಾಡಬಲ್ಲ ದೇವರಗುಡ್ಡರು ನಮ್ಮಲ್ಲಿದ್ದಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪದ ಹೇಳುವ ನೀಲಗಾರರಿಗೆ ಚಿಕ್ಕಲ್ಲೂರು ಜಾತ್ರೆಯೇ ವಿಶ್ವವಿದ್ಯಾಲಯ. ಬಿಳಿಗಿರಿರಂಗನ ಬೆಟ್ಟದ ಮೇಲೆ ಸೋಲಿಗರ ಗೊರುಕನ ಹಾಡು, ಕುಣಿತ ಇದೆ. ರಂಗನಾಥನನ್ನು ಸೋಲಿಗರ ಮನೆಯ ಅಳಿಯನಾಗಿಸಿದ ಕುಸುಮಾಲೆಯ ಕಥೆ ಇದೆ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ 17ನೇ ಶತಮಾನದ ಶಿಲ್ಪಿಗಳು ಕಲ್ಲನ್ನೇ ಬಳೆಯಾಗಿ ಕಡೆದು ಸರಪಣಿ ಹೆಣೆದಿದ್ದಾರೆ. ಅದನ್ನು ಕತ್ತೆತ್ತಿ ನೋಡಿ, ಕೂತು ಬರೆಯುವ ಅವಕಾಶ ಅದೇ ಊರಿನ ಎಷ್ಟು ಮಕ್ಕಳಿಗೆ ಸಿಕ್ಕಿದೆ?

ಹಾಡಿಗೂ ಯಂತ್ರಕ್ಕೂ ಏನು ನಂಟು ಎನ್ನುವವರಿಗೆ ಎರಡು ಪಾಠಗಳನ್ನು ಹೇಳುತ್ತೇನೆ. ಎರಡಕ್ಕೂ ಕರೆಂಟು ಬೇಡ, ಸಿಗ್ನಲ್ ಬೇಡ.

ಮೊದಲನೆಯದು ಜೇನಿನ ಪಾಠ. ಬೆಟ್ಟದ ಮಕ್ಕಳು ನಾಲ್ಕು ಬಗೆಯ ಜೇನು ಬಲ್ಲರು: ಎತ್ತರದ ಮರದಲ್ಲಿ, ಬಂಡೆಯಲ್ಲಿ ದೊಡ್ಡ ತಟ್ಟಿ ಕಟ್ಟುವ ಹೆಜ್ಜೇನು, ಪೊಟರೆಯೊಳಗೆ ಸಾಲು ತಟ್ಟಿ ಕಟ್ಟುವ ತುಡುವೆ, ಪೊದೆಯ ಕಡ್ಡಿಗೆ ಜೋತುಬೀಳುವ ಕೋಲುಜೇನು, ಗೋಡೆಯ ಬಿರುಕಿನಲ್ಲಿ ಕೂರುವ, ಕುಟುಕದ ನಸರಿ. ಹಿರಿಯರೊಬ್ಬರು ಬಂದು ಇವುಗಳ ಕಥೆ ಹೇಳಲಿ, ಮಕ್ಕಳು ಬಣ್ಣದಲ್ಲಿ ಬರೆಯಲಿ. ಆಮೇಲೆ ಒಂದು ಮಗು ಯಂತ್ರವಾಗಲಿ. ನಿಯಮ ಒಂದೇ: ತೋರಿಸಿದ ಚಿತ್ರಗಳಿಂದ ಕಲಿತದ್ದನ್ನಷ್ಟೇ ಹೇಳಬೇಕು. ಬರೀ ಹೆಜ್ಜೇನಿನ ಚಿತ್ರ ತೋರಿಸಿ, ಕೊನೆಗೆ ನಸರಿಯನ್ನು ಮುಂದಿಟ್ಟು ‘ಇದೇನು?’ ಎಂದು ಕೇಳಿ. ‘ಹೆಜ್ಜೇನು’ ಎನ್ನದೆ ಅದಕ್ಕೆ ಗತಿಯಿಲ್ಲ. ತರಗತಿ ನಗುತ್ತದೆ. ಯಂತ್ರಕ್ಕೆ ಗೊತ್ತಿರುವುದು ಯಾರೋ ತೋರಿಸಿದಷ್ಟೇ, ತೋರಿಸದೆ ಬಿಟ್ಟದ್ದರಲ್ಲಿ ಅದು ತಪ್ಪುತ್ತದೆ ಎಂಬುದು ಆ ನಗುವಿನಲ್ಲೇ ತಲೆಗೆ ಹತ್ತುತ್ತದೆ.

ಎರಡನೆಯದು ತಾಳದ ಪಾಠ. ಕಂಸಾಳೆಯವರು ಒಂದು ವರಸೆಯನ್ನು ನಾಲ್ಕು ಸಲ ನುಡಿಸಿ, ಐದನೆಯ ಸಲ ಅರ್ಧಕ್ಕೇ ನಿಲ್ಲಿಸಲಿ. ‘ಮುಂದಿನ ಪೆಟ್ಟು ಯಾವುದು?’ ಮಕ್ಕಳು ಚಪ್ಪಾಳೆಯಲ್ಲೇ ಉತ್ತರ ಕೊಡುತ್ತಾರೆ. ಚಾಟ್‌ಜಿಪಿಟಿಯಂಥವು ಮಾಡುವ ಕೆಲಸದ ತಿರುಳೂ ಇದೇ: ಲೆಕ್ಕವಿಲ್ಲದಷ್ಟು ಬರಹ ಕಂಡು, ಮುಂದಿನ ಪದ ಯಾವುದಿರಬಹುದೆಂದು ಊಹಿಸುವುದು. ಆಗ ಕಲಾವಿದರು ಬೇಕೆಂದೇ ವರಸೆ ಬದಲಿಸಲಿ. ಎಲ್ಲರ ಊಹೆಯೂ ತಪ್ಪುತ್ತದೆ. ಊಹೆ ಸರಿಯಾದಂತೆ ಕಂಡಾಗಲೂ ಅದು ಊಹೆಯೇ ಎಂಬುದನ್ನು 8 ವರ್ಷದ ಮಗುವಿಗೆ ತಿಳಿಸಲು ಇದಕ್ಕಿಂತ ಸಲೀಸಾದ ದಾರಿ ಬೇಕೆ?

ಹೀಗೆ ಕಲಿಸುವುದು ನಮಗೆ ಹೊಸದೂ ಅಲ್ಲ. ಹಾಡು, ಕಥೆ, ಚಟುವಟಿಕೆಯ ನಲಿ-ಕಲಿ 1995ರಲ್ಲಿ ಮೊಳೆತದ್ದು ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ. ಕಾಡಂಚಿನ ಆ ತಾಲ್ಲೂಕಿನ ಮೇಷ್ಟರುಗಳು ಮಾಡಿ ತೋರಿಸಿದ್ದು 2009-10ರ ಹೊತ್ತಿಗೆ ರಾಜ್ಯವನ್ನೆಲ್ಲ ಮುಟ್ಟಿತು. ಬೆಟ್ಟದಲ್ಲೇ 1981ರಿಂದ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳ ಓದಿಗಾಗಿ ದುಡಿದಿದೆ.

‘ಹಾಡು, ಕುಣಿತ ನಮಗೇ ಸಾಕು, ನಮ್ಮ ಮಕ್ಕಳಿಗೆ ಇಂಗ್ಲಿಷ್, ಕಂಪ್ಯೂಟರ್ ಬರಲಿ’ ಎನ್ನುವ ತಂದೆತಾಯಂದಿರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೂಲಿಗಾಗಿ ವಲಸೆ ಹೋಗಿ ಬಂದವರ ಮಾತು ಅದು, ಅದರಲ್ಲಿ ನೋವಿದೆ. ಕಂಪ್ಯೂಟರ್ ಖಂಡಿತ ಬರಲಿ. ಆದರೆ ಇದನ್ನೂ ಯೋಚಿಸಿ: ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಉತ್ತರಿಸುವ ಚಾಟ್‌ಬಾಟ್‌ಗಾಗಿ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ದನಿ ಹುಡುಕಿದ್ದು ಕರ್ನಾಟಕದ ಹಳ್ಳಿಗಳಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕನ್ನಡ ಓದಿ ದಾಖಲಿಸಿದರು, ಅದಕ್ಕೆ ಸಂಭಾವನೆಯನ್ನೂ ಪಡೆದರು. ಯಂತ್ರಕ್ಕೆ ಮಾತು ಕಲಿಸುವವರು ಭಾಷೆ ಬಲ್ಲವರೇ. ನಾಳೆ ಸೋಲಿಗರ ನುಡಿಯನ್ನೋ ಮಹದೇಶ್ವರನ ಕಥೆಯನ್ನೋ ಯಂತ್ರ ತಪ್ಪಾಗಿ ಒದರಿದಾಗ, ‘ಹಾಗಲ್ಲ, ಹೀಗೆ’ ಎಂದು ತಿದ್ದಬಲ್ಲ ಮಗು ಬೇಕು. ಕಿವಿ ಪಳಗದ ಮಗು ಅದು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತದೆ.

ಮೂರು ಎಚ್ಚರಿಕೆಗಳಿವೆ. ಚಿಕ್ಕ ಮಕ್ಕಳ ಕೈಗೆ ಚಾಟ್‌ಜಿಪಿಟಿಯಂಥ ಯಂತ್ರಗಳನ್ನು ನೇರವಾಗಿ ಕೊಡಬೇಡಿ. ತರಗತಿಯಲ್ಲಿ ಇವುಗಳ ಬಳಕೆಗೆ ಕನಿಷ್ಠ 13 ವರ್ಷ ಇರಲಿ ಎಂದು ಯುನೆಸ್ಕೊ 2023ರಲ್ಲೇ ಹೇಳಿದೆ. ತೋರಿಸುವುದಿದ್ದರೆ ಶಿಕ್ಷಕರೇ ಎಲ್ಲರೆದುರು ತೋರಿಸಲಿ. ಮಕ್ಕಳ ಮುಖ, ದನಿಯನ್ನು ಯಾವ ಆ್ಯಪಿಗೂ ಏರಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಇನ್ನು, ಯಾವ ಹಾಡು ಪೂಜೆಗೆ ಮೀಸಲು, ಯಾವುದನ್ನು ಮಕ್ಕಳಿಗೆ ಕಲಿಸಬಹುದು, ಯಾವುದನ್ನು ದಾಖಲಿಸಬಹುದು ಎಂಬುದನ್ನು ಪೋಡಿನ ಹಿರಿಯರೇ ತೀರ್ಮಾನಿಸಲಿ.

ಈಗ ಯಾರು ಏನು ಮಾಡಬೇಕು? ಎಸ್‌ಡಿಎಂಸಿ ಸದಸ್ಯರೇ, ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಈಗಾಗಲೇ ಇಲಾಖೆಯ ಕ್ರಮದಲ್ಲಿದೆ. ಅದನ್ನು ಊರಿನ ಕಲೆಗೆ ಬಿಟ್ಟುಕೊಡುವ ನಿರ್ಣಯವನ್ನು ಮುಖ್ಯಶಿಕ್ಷಕರೊಂದಿಗೆ ಕೂತು ಮುಂದಿನ ಸಭೆಯಲ್ಲೇ ಬರೆಯಿರಿ. ಪಂಚಾಯಿತಿಯವರೇ, ಊರಿನ ದಾನಿಗಳೇ, ಕಲಾವಿದರನ್ನು ಪುಕ್ಕಟೆ ಕರೆಯಬೇಡಿ. ಬಸ್ ಚಾರ್ಜು, ಒಂದು ದಿನದ ಕೂಲಿ ಗೌರವದಿಂದ ಕೈಗಿಡಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹುಡುಗ ಹುಡುಗಿಯರೇ, ಜಾತ್ರೆಗೆ ಬಂದಾಗ ಅರ್ಧ ದಿನ ಶಾಲೆಗೂ ಹೋಗಿ, ಜೇನಿನ ಪಾಠವನ್ನು ಶಿಕ್ಷಕರೊಂದಿಗೆ ನಡೆಸಿಕೊಡಿ. ತಂದೆತಾಯಂದಿರೇ, ಆ ಶನಿವಾರ ಮಗುವನ್ನು ಹೊಲದ ಕೆಲಸಕ್ಕೆ ನಿಲ್ಲಿಸಿಕೊಳ್ಳಬೇಡಿ. ಹಾಡುಗಾರರೇ, ಯಾರಾದರೂ ಕರೆಯಲಿ ಎಂದು ಕಾಯಬೇಡಿ. ಸೋಮವಾರವೇ ಶಾಲೆಗೆ ಹೋಗಿ, ಮುಖ್ಯಶಿಕ್ಷಕರ ಬಳಿ ನಿಮ್ಮ ಹೆಸರು ಬರೆಸಿ ಬನ್ನಿ.