೧೯೬೭ನೆಯ ವರ್ಷದ ಐದು ಹಾಡುಗಳು

ವರ್ಷವೊಂದು ಮುಗಿಯುತ್ತ ಬಂದಂತೆ ಆ ವರ್ಷದ ಅತ್ಯುತ್ತಮ ಹಾಡುಗಳು ಯಾವುವೆಂದು ಕ್ರಮಾಂಕ ಹಾಕಿ ಸಾರುವ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿ ಎಪ್ಪತ್ತು ವರ್ಷಗಳಾದುವು. ಇದನ್ನು ಮನೆಮಾತಾಗಿಸಿದ ಕೀರ್ತಿ ರೇಡಿಯೋ ಸಿಲೋನಿನ 'ಬಿನಾಕಾ ಗೀತಮಾಲಾ' ಕಾರ್ಯಕ್ರಮಕ್ಕೂ, ಅದರ ನಿರೂಪಕರಾಗಿದ್ದ ದಿವಂಗತ ಅಮೀನ್ ಸಯಾನಿಯವರಿಗೂ ಸಲ್ಲತಕ್ಕದ್ದು. ಕೇಂದ್ರದ ವಾರ್ತಾ ಮಂತ್ರಿಗಳಾಗಿದ್ದ ಡಾ. ಬಿ. ವಿ. ಕೇಸ್ಕರರು ಚಲಚ್ಚಿತ್ರ ಗೀತೆಗಳನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿರಿಸಿದ್ದ ಕಾಲದಲ್ಲಿ, ೧೯೫೨ರ ಡಿಸೆಂಬರ್ ೩ರಂದು, ಈ ಕಾರ್ಯಕ್ರಮ ಮೊದಲಾಯಿತು. ಮುಂಬಯಿಯಲ್ಲಿಯೇ ಧ್ವನಿಮುದ್ರಣಗೊಂಡು, ಕೊಲಂಬೊಕ್ಕೆ ಪ್ರಯಾಣ ಮಾಡಿ, ಅಲ್ಲಿಂದ ಶಾರ್ಟ್‌ವೇವ್ ಅಲೆಗಳ ಮೇಲೆ ಅದು ಪ್ರತಿ ಬುಧವಾರ ರಾತ್ರಿ ಎಂಟು ಗಂಟೆಗೆ ಮುಂಬಯಿಗೆ ಮರಳುತ್ತಿತ್ತು.

ಆ ಹೊತ್ತು ನಮ್ಮ ಉಡುಪಿ ಹೊಟೇಲುಗಳಲ್ಲಿ ರಾತ್ರಿಯೂಟದ ಹೊತ್ತು. ಬಡಿಸುವ ಮಾಣಿ, ಒಲೆಯ ಮುಂದಿನ ಭಟ್ಟರು, ಗಲ್ಲೆಯ ಮೇಲಿನ ಯಜಮಾನರು, ಮೂಲೆಯ ಮೇಜಿನಲ್ಲಿ ತಿಂಗಳ ಲೆಕ್ಕಕ್ಕೆ ಉಣ್ಣುತ್ತಿದ್ದ ಗುಮಾಸ್ತರು, ಎಲ್ಲರೂ ಒಂದೇ ರೇಡಿಯೋವನ್ನು ಕೇಳುತ್ತಿದ್ದರು. ಹಾಡುಗಳ ಕ್ರಮಾಂಕವನ್ನು ನಿರ್ಧರಿಸುತ್ತಿದ್ದವರಲ್ಲಿ ಇವರು ಮಾತ್ರ ಇರಲಿಲ್ಲ. ಅಂಗಡಿಗಳಲ್ಲಿ ಧ್ವನಿಮುದ್ರಿಕೆಗಳೆಷ್ಟು ಮಾರಾಟವಾದುವು, ಊರೂರಿನ ಶ್ರೋತೃ ಸಂಘಗಳು ಏನು ಬರೆದು ಕಳಿಸಿದುವು ಎಂಬುದರ ಮೇಲೆ ಆ ಪಟ್ಟಿ ಸಿದ್ಧವಾಗುತ್ತಿತ್ತು. ಹೊಟೇಲಿನಲ್ಲಿಯೇ ಉಂಡು ಹೊಟೇಲಿನಲ್ಲಿಯೇ ಮಲಗುವ ಹುಡುಗ ಧ್ವನಿಮುದ್ರಿಕೆಯನ್ನು ಕೊಳ್ಳುವುದೆಲ್ಲಿಂದ ಬಂತು? ಅವನು ಎಲ್ಲರಿಗಿಂತ ಹೆಚ್ಚು ಹಾಡು ಕೇಳಿದವನು, ಲೆಕ್ಕಕ್ಕೆ ಸಿಗದವನು. ಮೇಲಾಗಿ ಅದು ಹಿಂದೀ ಹಾಡುಗಳ ಪಟ್ಟಿ. ಕನ್ನಡದ ಹಾಡು ಎಷ್ಟು ಸೊಗಸಾಗಿದ್ದರೂ ಅಲ್ಲಿ ಅದಕ್ಕೆ ಪಾವಟಿಗೆ ಇರಲಿಲ್ಲ. ಇದು ಆ ಕಾರ್ಯಕ್ರಮದ ಮೇಲಣ ದೂರಲ್ಲ. ಅದರ ವ್ಯಾಪ್ತಿಯೇ ಅಷ್ಟು.

ಆದ್ದರಿಂದ, ಆ ದಿನಗಳ ಒಂದು ವರ್ಷವನ್ನು ಆರಿಸಿಕೊಂಡು, ನಮ್ಮದೇ ಆದ ಒಂದು ಪಟ್ಟಿಯನ್ನು ವಾಚಕರ ಮುಂದಿಡಲು ಬಯಸುತ್ತೇವೆ. ನಾವು ಆರಿಸಿಕೊಂಡುದು ೧೯೬೭. ಆ ವರ್ಷ ಗೀತಮಾಲೆಯ ಮೊದಲ ಸ್ಥಾನ ಮುಕೇಶ್ ಮತ್ತು ಲತಾ ಮಂಗೇಶ್ಕರ್ ಹಾಡಿದ 'ಮಿಲನ್' ಚಿತ್ರದ ಯುಗಳಗೀತೆಗೆ ದೊರೆಯಿತು. ಹಾಡು ಒಳ್ಳೆಯದೇ. ಆದರೆ ಅದೇ ವರ್ಷ ಮುಂಬಯಿ ಕನ್ನಡಿಗರ ಬಾಳಿನಲ್ಲಿ ಬೇರೆ ಪಟ್ಟಿಗಳೂ ಇದ್ದುವೆಂಬುದನ್ನು ಹಿರಿಯರು ಮರೆತಿರಲಾರರು. ೧೯೬೬ರ ಜೂನಿನಲ್ಲಿ ಶಿವಸೇನೆ ಸ್ಥಾಪನೆಯಾಗಿ, ಉದ್ಯೋಗಗಳೆಲ್ಲ ದಕ್ಷಿಣದವರ ಪಾಲಾಗುತ್ತಿವೆಯೆಂಬ ಪ್ರಚಾರ ಬಲಗೊಂಡಿತ್ತು. ಕಚೇರಿ ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರುಗಳನ್ನು 'ಮಾರ್ಮಿಕ್' ವಾರಪತ್ರಿಕೆ ಸಾಲಾಗಿ ಅಚ್ಚು ಮಾಡುತ್ತಿತ್ತು. ಗಡಿಯ ಪ್ರಶ್ನೆಯನ್ನು ವಿಚಾರಿಸಲು ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಹಾಡಿನ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ, ಹೊರಗಿನವರ ಪಟ್ಟಿಯಲ್ಲಿ ಮಾತ್ರ ತಪ್ಪದೆ ಹೆಸರಿತ್ತು. ಅಂಥ ವರ್ಷದಲ್ಲಿ ಕನ್ನಡದ ಹಾಡು ನಮ್ಮ ಪಾಲಿಗೆ ಏನಾಗಿತ್ತೆಂಬುದೇ ಇಲ್ಲಿ ನಾವು ಹಿಡಿದ ಅಳತೆಗೋಲು. ಮಾರಾಟದ ಲೆಕ್ಕ ನಮಗೆ ಬೇಡ.

ಸಯಾನಿಯವರ ರೂಢಿಯಂತೆ ಕೆಳಗಿನ ಪಾವಟಿಗೆಯಿಂದಲೇ ಏರೋಣ.

ಐದನೆಯ ಸ್ಥಾನವನ್ನು 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಮಹಮ್ಮದ್ ರಫಿಯವರು ಹಾಡಿದ ಹಾಡಿಗೆ ಕೊಡುತ್ತೇವೆ. ಸಂಗೀತ ಸತ್ಯಂ ಅವರದು. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿ, ೧೯೪೪ರಲ್ಲಿ ಮುಂಬಯಿಗೆ ಬಂದು, ಇಲ್ಲಿಯೇ ೧೯೮೦ರಲ್ಲಿ ಕಣ್ಮುಚ್ಚಿದ ರಫಿಯವರೂ ನಮ್ಮಂತೆ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರೇ. ಅವರ ಕನ್ನಡದಲ್ಲಿ ಪರಭಾಷೆಯವನ ಎಚ್ಚರಿಕೆ ಕೇಳಿಸುತ್ತದೆ. ಒಂದೊಂದು ಅಕ್ಷರವನ್ನೂ ತುಂಬಿದ ಲೋಟವನ್ನು ಒಯ್ಯುವಂತೆ ಒಯ್ಯುತ್ತಾರೆ. ಕೆಲವರು ಇದನ್ನು ಕುಂದೆಂದು ಎಣಿಸಿದ್ದುಂಟು. ನಮ್ಮ ಮಾಣಿಗಳು ಗಿರಾಕಿಗಳೊಡನೆ ಹಿಂದಿಯನ್ನು ಹೇಗೆ ಆಡುತ್ತಿದ್ದರೆಂಬುದನ್ನು ನೆನೆದರೆ ಆ ಟೀಕೆ ತಾನಾಗಿ ತಣ್ಣಗಾಗುತ್ತದೆ. ದಿನವಿಡೀ ಇನ್ನೊಬ್ಬರ ಭಾಷೆಯಲ್ಲಿ ತಡವರಿಸಿದವನಿಗೆ, ಅಷ್ಟು ದೊಡ್ಡ ಗಾಯಕನೊಬ್ಬನು ತನ್ನ ಭಾಷೆಯಲ್ಲಿ ಹೆಜ್ಜೆಯಿಡುವುದನ್ನು ಕೇಳುವುದು ಸಣ್ಣ ಸಮಾಧಾನವಲ್ಲ. ಆದರೂ ಐದನೆಯ ಸ್ಥಾನವೇಕೆಂದರೆ, ಹಾಡಿನ ಆಕರ್ಷಣೆಯಲ್ಲಿ ಹೆಚ್ಚಿನ ಪಾಲು ಗಾಯಕರ ಹೆಸರಿಗೇ ಸಲ್ಲುತ್ತದೆ.

ನಾಲ್ಕನೆಯದು 'ನಕ್ಕರೆ ಅದೇ ಸ್ವರ್ಗ' ಚಿತ್ರದ ಯುಗಳಗೀತೆ. ಎಂ. ರಂಗರಾವ್ ಅವರ ಸಂಗೀತದಲ್ಲಿ, ಪಿ. ಸುಶೀಲಾ ಅವರ ಜೊತೆಗೆ ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಕನ್ನಡದಲ್ಲಿ ಅವರ ಮೊದಲ ಹಾಡು ಇದು. ೧೯೪೬ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತೊಂದರ ಆಸುಪಾಸಿನ ಪ್ರಾಯ. ದನಿ ಇನ್ನೂ ಎಳೆಯದು. ಮುಂದೆ ಅದಕ್ಕೆ ಬಂದ ತುಂಬು ಇಲ್ಲಿಲ್ಲ. ಹೀಗಿದ್ದೂ ಇದಕ್ಕೆ ನಾಲ್ಕನೆಯ ಸ್ಥಾನ ಕೊಡಲು ಕಾರಣವುಂಟು. ೧೯೮೧ರಲ್ಲಿ 'ಏಕ್ ದೂಜೆ ಕೇ ಲಿಯೇ' ತೆರೆಕಂಡಾಗ ಮುಂಬಯಿಯ ಹಿಂದೀ ರಸಿಕರು, ಈ ಹೊಸ ಗಾಯಕನಾರೆಂದು ವಿಸ್ಮಯಪಟ್ಟರು. ಅವರು ಹೊಸಬರೆಂದು ಬಗೆದ ಗಾಯಕನ ದನಿ ಕನ್ನಡದ ಕಿವಿಗೆ ಹದಿನಾಲ್ಕು ವರ್ಷಗಳಿಂದ ಪರಿಚಿತವಾಗಿತ್ತು. ದೊಡ್ಡ ಪಟ್ಟಿಗಳು ಯಾವಾಗಲೂ ಮೊದಲು ಕಂಡುಕೊಳ್ಳುವುವೆಂಬ ಭ್ರಮೆ ಬೇಡವೆನ್ನಲು ಇದೊಂದು ನಿದರ್ಶನ ಸಾಕು. ೧೯೯೫ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರದ ಹಾಡಿಗಾಗಿ ಇದೇ ಗಾಯಕರಿಗೆ ರಾಷ್ಟ್ರಪ್ರಶಸ್ತಿ ಸಂದುದು ಆ ಮೊದಲ ಹೆಜ್ಜೆಯ ಫಲವೆನ್ನಬಹುದು.

ಮೂರನೆಯ ಸ್ಥಾನ 'ಬಂಗಾರದ ಹೂವು' ಚಿತ್ರದ, ನದಿಯು ಕಡಲನ್ನು ಕೂಡುವ ಭಾವದ ಯುಗಳಗೀತೆಗೆ. ರಾಜನ್-ನಾಗೇಂದ್ರ ಸೋದರರ ಸಂಗೀತ; ಹಾಡಿದವರು ಪಿ. ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ. ಕುಷ್ಠರೋಗದಂಥ ವಿಷಯವನ್ನು ಎತ್ತಿಕೊಂಡ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಶ್ರೀನಿವಾಸರ ದನಿಯೆಂದರೆ ರಾಜಕುಮಾರರ ದನಿಯೆಂದೇ ಆಗ ಜನ ತಿಳಿಯುತ್ತಿದ್ದರು, ಅಷ್ಟು ಹೊಂದಿಕೆ. ಈ ಹಾಡಿಗೆ ಇನ್ನೊಂದು ಗುಣವುಂಟು: ಇದನ್ನು ಯಾರೂ ಹಾಡಿಕೊಳ್ಳಬಹುದು. ವಾದ್ಯ ಬೇಡ, ಶಿಕ್ಷಣ ಬೇಡ, ಎತ್ತರದ ಕಂಠ ಬೇಡ. ಪಾತ್ರೆ ತೊಳೆಯುವವನು ನೀರಿನ ಸದ್ದಿನ ನಡುವೆಯೇ ಗುನುಗಿಕೊಳ್ಳಬಲ್ಲ ಹಾಡು. ಸೀತಾನದಿ, ಸ್ವರ್ಣಾ, ನೇತ್ರಾವತಿಗಳು ಕಡಲು ಸೇರುವುದನ್ನು ಕಂಡು ಬೆಳೆದು, ತಾನೂ ಅದೇ ಕಡಲಿನ ಇನ್ನೊಂದು ದಡಕ್ಕೆ ಬಂದು ಬಿದ್ದವನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡನೆಯದು 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಬೆಳಗಿನ ಹಾಡು. ಸಂಗೀತ ನಿರ್ದೇಶಕರು ಲಕ್ಷ್ಮಣ ಬೆರಳೇಕರ್. ೧೮೩೧ರಲ್ಲಿ ನಂದಗಡದಲ್ಲಿ ಆಂಗ್ಲರ ನೇಣಿಗೇರಿದ ರಾಯಣ್ಣನು ಬೆಳಗಾವಿ ಸೀಮೆಯ ವೀರ. ಯಾವ ಬೆಳಗಾವಿ ಯಾರಿಗೆ ಸೇರಬೇಕೆಂದು ಎರಡು ರಾಜ್ಯಗಳು ಆಯೋಗದ ಮುಂದೆ ವಾದಿಸುತ್ತಿದ್ದುವೋ, ಆ ಮಣ್ಣಿನ ವೀರನ ಕಥೆಗೆ ಮಹಾರಾಷ್ಟ್ರದ ಹೆಮ್ಮೆಯ ಗಾಯಕಿ ಅದೇ ವರ್ಷ ಕನ್ನಡದಲ್ಲಿ ದನಿಗೂಡಿಸಿದರು. ಇದನ್ನು ಯಾರೂ ರಾಜಕೀಯ ಹೇಳಿಕೆಯಾಗಿ ಮಾಡಿದ್ದಲ್ಲ. ಹಾಡುವುದು ಅವರ ಕಸುಬು, ಹಾಡಿದರು. ಆದರೆ ಭಾಷಣಗಳಿಂದ ಆಗದ ಕೆಲಸ ಇಂಥ ಕಸುಬಿನಿಂದ ಆಗುತ್ತದೆಂಬುದನ್ನು ಮನಗಾಣಬೇಕು. ಬೀದಿಯಲ್ಲಿ ತನ್ನ ಭಾಷೆಯನ್ನು ಗಟ್ಟಿಯಾಗಿ ಆಡಲು ಹಿಂಜರಿಯುತ್ತಿದ್ದ ಗುಮಾಸ್ತನಿಗೆ, ಮರಾಠೀ ಮನೆಮನೆಗಳಲ್ಲಿ ಪೂಜ್ಯವಾದ ದನಿಯೊಂದು ಕನ್ನಡವಾಡಿತೆಂಬುದೇ ಒಂದು ಧೈರ್ಯ. ಅವರು ಕನ್ನಡದಲ್ಲಿ ಹಾಡಿದ್ದು ಆ ಒಂದು ಚಿತ್ರದಲ್ಲಿ ಮಾತ್ರ.

ಮೊದಲನೆಯ ಸ್ಥಾನವನ್ನು ನಾವು ಸಂಕೋಚವಿಲ್ಲದೆ 'ಬೆಳ್ಳಿ ಮೋಡ'ಕ್ಕೆ ಕೊಡುತ್ತೇವೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವಿದು. ಅದರಲ್ಲಿ ವಿಜಯಭಾಸ್ಕರರು ವರಕವಿ ಬೇಂದ್ರೆಯವರ 'ಬೆಳಗು' ಕವನವನ್ನು ಸಂಯೋಜಿಸಿ, ಎಸ್. ಜಾನಕಿಯವರಿಂದ ಹಾಡಿಸಿದರು. ೧೯೩೨ರ 'ಗರಿ' ಸಂಕಲನದಲ್ಲಿ ಅಚ್ಚಾದ ಕವನ ಅದು. ಮೂವತ್ತೈದು ವರ್ಷ ಅದು ಓದಬಲ್ಲವರ ಸೊತ್ತಾಗಿತ್ತು: ಕಾಲೇಜಿನ ವಿದ್ಯಾರ್ಥಿಗಳು, ಉಪಾಧ್ಯಾಯರು, ಸಾಹಿತ್ಯಪ್ರೇಮಿಗಳು. ಐದನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟು, ಹಡಗನ್ನೋ ಬಸ್ಸನ್ನೋ ಹತ್ತಿ ಮುಂಬಯಿಗೆ ಬಂದ ಹುಡುಗನ ಕೈಗೆ 'ಗರಿ' ಎಂದಾದರೂ ಸಿಗುವಂತಿತ್ತೇ? ಚಲಚ್ಚಿತ್ರ ಅದನ್ನು ಅವನ ಕಿವಿಗೆ ತಂದು ಸೇರಿಸಿತು. ಬೆಳಗಾಗುವ ಮುನ್ನ ನಾಲ್ಕು ಗಂಟೆಗೆ ಎದ್ದು, ಇಡ್ಲಿ ಪಾತ್ರೆಯ ಹಬೆಯ ಮುಂದೆ ನಿಂತು, ಸೂರ್ಯೋದಯವನ್ನು ನೋಡಲು ಪುರಸೊತ್ತಿಲ್ಲದ ದುಡಿಮೆಗಾರನಿಗೆ ಕನ್ನಡದ ಶ್ರೇಷ್ಠ ಕವಿಯೊಬ್ಬನು ಕಂಡ ಬೆಳಗು ಹಾಡಾಗಿ ದಕ್ಕಿತು. ಹಾಡೊಂದು ಇದಕ್ಕಿಂತ ದೊಡ್ಡ ಉಪಕಾರವನ್ನು ಮಾಡಲಾರದು.

ಈ ಪಟ್ಟಿಗೆ ಆಕ್ಷೇಪಗಳು ಬಂದೇ ಬರುವುವು. 'ಚಕ್ರತೀರ್ಥ'ದಲ್ಲಿ ಟಿ. ಜಿ. ಲಿಂಗಪ್ಪನವರು ಕೊಟ್ಟ ಹಾಡುಗಳೆಲ್ಲಿ? 'ಬೀದಿ ಬಸವಣ್ಣ' ಏಕಿಲ್ಲ? 'ಲಗ್ನಪತ್ರಿಕೆ'ಯನ್ನು ಮರೆತಿರಾ? ಮರೆತಿಲ್ಲ. ಐದಕ್ಕೆ ನಿಲ್ಲಿಸಿದೆವು, ಅಷ್ಟೇ. ಐವತ್ತು ವರ್ಷಗಳ ತರುವಾಯ ಹಿಂದಣ ವರ್ಷವೊಂದರ ಪಟ್ಟಿ ಮಾಡುವುದರಲ್ಲಿ ಒಂದು ಅನುಕೂಲವೂ ಉಂಟು. ಆ ವಾರದ ಗದ್ದಲ ಅಡಗಿರುತ್ತದೆ. ಯಾವುದು ಇನ್ನೂ ನಾಲಗೆಯ ಮೇಲಿದೆಯೆಂದು ನೋಡಿದರೆ ಸಾಕು.

ಆದರೆ ಪಟ್ಟಿ ಮುಗಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಈ ಐದು ಹಾಡುಗಳನ್ನು ಹಾಡಿದವರ ಹೆಸರುಗಳನ್ನು ಇನ್ನೊಮ್ಮೆ ನೋಡಿರಿ. ರಫಿಯವರು ಪಂಜಾಬಿನವರು. ಬಾಲಸುಬ್ರಹ್ಮಣ್ಯಂ, ಸುಶೀಲಾ, ಜಾನಕಿ, ಶ್ರೀನಿವಾಸ್, ಈ ನಾಲ್ವರೂ ತೆಲುಗು ನಾಡಿನವರು. ಲತಾ ಮರಾಠಿಯವರು. ಕನ್ನಡ ಮನೆಮಾತಾಗಿದ್ದವರು ಒಬ್ಬರೂ ಇಲ್ಲ. ಇಷ್ಟೇ ಅಲ್ಲ, ಮೊದಲನೆಯ ಸ್ಥಾನ ಪಡೆದ ಹಾಡನ್ನು ಬರೆದ ಬೇಂದ್ರೆಯವರ ಮನೆಮಾತೂ ಮರಾಠಿಯೇ. ಕನ್ನಡ ನಾಡಿನಿಂದ ದೂರವಿದ್ದ ನಮ್ಮನ್ನು ಕನ್ನಡದಲ್ಲಿ ಉಳಿಸಿದ ಹಾಡುಗಳನ್ನು ನಮಗೆ ಕೊಟ್ಟವರು, ಕನ್ನಡವನ್ನು ಹೊರಗಿನಿಂದ ಬಂದು ಕಲಿತವರು. ಯಾರು ಎಲ್ಲಿಂದ ಬಂದರೆಂದು ಹೆಸರುಗಳನ್ನು ಸಾಲಾಗಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿಯದು.

ಈ ಉತ್ತರ ನಮ್ಮ ಮೇಲೂ ಒಂದು ಹೊಣೆಯನ್ನು ಹೊರಿಸುತ್ತದೆ. ಡೊಂಬಿವಲಿ, ಭಾಂಡುಪ್, ಮೀರಾರೋಡುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಬಾರದೆಂದು ಸಂಘಗಳ ವೇದಿಕೆಯಲ್ಲಿ ಕೊರಗುವುದು ವಾಡಿಕೆಯಾಗಿದೆ. ಊರು ದೂರ, ಶಾಲೆ ಇಂಗ್ಲಿಷಿನದು, ಗೆಳೆಯರು ಅನ್ಯಭಾಷಿಕರು ಎಂದು ಕಾರಣಗಳನ್ನೂ ಎಣಿಸುತ್ತೇವೆ. ರಫಿಯವರಿಗೆ ಊರು ಇನ್ನೂ ದೂರವಿತ್ತು. ಅವರು ಒಂದು ಹಾಡಿನ ಮಟ್ಟಿಗಾದರೂ ಕಲಿತರು. ಅಜ್ಜನಿಗೋ ತಂದೆಗೋ ಬಂದ ಭಾಷೆಯಲ್ಲಿ ಐದು ಹಾಡುಗಳನ್ನು ಅರ್ಥಸಹಿತ ಕಲಿಯುವುದು ಮಗುವಿಗೆ ಅಸಾಧ್ಯವೆಂದರೆ ನಂಬುವಂತಿಲ್ಲ. ಕಲಿಸುವ ವ್ಯವಧಾನ ನಮಗಿಲ್ಲವೆಂದರೆ ನಂಬಬಹುದು. ಹಾಗೆಯೇ, ಲತಾ ಅವರು ನಮ್ಮ ಭಾಷೆಗೆ ಮಾಡಿದ ಗೌರವವನ್ನು ನಾವು ಮರಾಠಿಗೆ ಹಿಂದಿರುಗಿಸಬೇಕಾದುದೂ ನ್ಯಾಯ. ಈ ನಗರದಲ್ಲಿ ದಶಕಗಳನ್ನು ಕಳೆದು ಒಂದು ಮರಾಠೀ ಭಾವಗೀತೆಯನ್ನೂ ಅರಿಯದವರು ನಮ್ಮಲ್ಲಿ ಕಡಮೆಯಿಲ್ಲ.

ಇಂದು ಪಟ್ಟಿ ಮಾಡುವ ಕೆಲಸವನ್ನು ಯಂತ್ರಗಳು ವಹಿಸಿಕೊಂಡಿವೆ. ಯಾವ ಹಾಡನ್ನು ಎಷ್ಟು ಕೋಟಿ ಬಾರಿ ಒತ್ತಿದರೆಂಬ ಲೆಕ್ಕ ಕ್ಷಣಕ್ಷಣಕ್ಕೂ ಸಿಗುತ್ತದೆ. ಆದರೆ ಅಡಿಗೆಮನೆಯ ಕಪಾಟಿನ ಮೇಲೆ ಒಂದು ಮೊಬೈಲನ್ನಿಟ್ಟು ಹತ್ತು ಜನ ಕೇಳಿದರೆ, ಯಂತ್ರದ ಲೆಕ್ಕಕ್ಕೆ ಅದು ಒಂದೇ. ನಮ್ಮ ಹೊಟೇಲು ನೌಕರನು ೧೯೬೭ರಲ್ಲಿ ಎಷ್ಟರ ಮಟ್ಟಿಗೆ ಎಣಿಕೆಯ ಹೊರಗಿದ್ದನೋ, ಇಂದೂ ಅಷ್ಟೇ ಹೊರಗಿದ್ದಾನೆ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಿಂದ ಹಿಡಿದು ಉಪನಗರಗಳ ಚಿಕ್ಕ ಚಿಕ್ಕ ಬಳಗಗಳವರೆಗೆ ಎಲ್ಲ ಕನ್ನಡ ಸಂಸ್ಥೆಗಳೂ ಈ ವರ್ಷಾಂತ್ಯದಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ವರ್ಷದ ಐದು ಕನ್ನಡ ಹಾಡುಗಳನ್ನು ಆರಿಸುವ ಹಕ್ಕನ್ನು ಹೊಟೇಲು ನೌಕರರಿಗೂ ಕಚೇರಿಯ ಗುಮಾಸ್ತರಿಗೂ ಕೊಡಲಿ. ಸಭೆಯನ್ನು ಹೊಟೇಲು ಮುಚ್ಚಿದ ಮೇಲೆ ಇಟ್ಟುಕೊಂಡರೆ ಅವರು ಬರಲು ಸಾಧ್ಯ. ಸಂಜೆ ಆರಕ್ಕೆ ಕರೆದು, ಬರಲಿಲ್ಲವೆಂದು ದೂರುವುದು ತರವಲ್ಲ. ಆರಿಸಿದ ಹಾಡುಗಳನ್ನು ಇಲ್ಲಿ ಹುಟ್ಟಿದ ಮಕ್ಕಳೇ ಕಲಿತು ಹಾಡಲಿ. ನಮ್ಮ ಈ ಐದನ್ನು ವಾಚಕರು ಅಳಿಸಿ ತಮ್ಮ ಐದನ್ನು ಬರೆದುಕೊಂಡರೆ ನಮಗೆ ಎಳ್ಳಷ್ಟೂ ಬೇಸರವಿಲ್ಲ.